ಮುರಿದ ಕತ್ತಿ, ಮುರಿಯದ ಕತ್ತಿ

ಮೊನ್ನೆ ಉಮದಿಯಲ್ಲಿ ಬಸ್ಸಿಳಿದೆ. ರಸ್ತೆಯ ಪಕ್ಕಕ್ಕೆ ಲಾರಿ ರಿಪೇರಿ ಮಾಡುವ ತಗಡಿನ ಶೆಡ್ಡು. ಒಳಗಿದ್ದವನೊಬ್ಬ ಕೆಂಪಗೆ ಕಾದ ಕಬ್ಬಿಣದ ತುಂಡನ್ನು ಇಕ್ಕಳದಲ್ಲಿ ಹಿಡಿದು ಎಣ್ಣೆಯ ಡಬ್ಬಿಯಲ್ಲಿ ಮುಳುಗಿಸಿದ. ಭುಸ್ಸೆಂದು ಹೊಗೆ ಎದ್ದಿತು. ಆ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತವು. ಮಗಳು ಗಾಬರಿಯಾಗಿ, "ಯಾಕಬೇ ಯವ್ವಾ, ಚಕ್ಕರ ಬಂತೇನ? ಕುಂದರ ಇಲ್ಲೆ" ಎಂದಳು. ಚಕ್ಕರ ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಇಷ್ಟು ವರ್ಷವಾದರೂ ಆ ವಾಸನೆಗೆ ನನಗೆ ಮೊದಲು ಬರುವುದು ಸಿಟ್ಟು. ಅಳು ಬರುವುದಿದ್ದರೆ ಆಮೇಲೆ.

ಒಂದು ದಸರೆಯಿಂದ ಇನ್ನೊಂದು ದಸರೆಯವರೆಗೆ ನಡೆದದ್ದು ಅದು. ಒಂದೇ ವರ್ಷ. ಆಗ ಆಣೆಗೆ ಕಟ್ಟುಬಿದ್ದು ಬಾಯಿ ಹೊಲಿದುಕೊಂಡಿದ್ದೆ. ಈಗ ಆ ಮಾತು ಕೇಳಬಾರದವರು ಯಾರೂ ಉಳಿದಿಲ್ಲ, ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ನನ್ನನ್ನು ಬಿಳೂರಿಗೆ ಕೊಟ್ಟಾಗ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿತ್ತು. ನಮ್ಮವರ ಹೆಸರು ಗುರುಪಾದಪ್ಪ. ಕಿರಾಣಿ ಅಂಗಡಿ, ಮಳೆಯನ್ನು ನಂಬಿದ ಒಂದಿಷ್ಟು ಹೊಲ, ಒಂದು ಜೋಡಿ ಎತ್ತು. ಉಣ್ಣುವುದಕ್ಕೆ ಕೊರತೆಯಿಲ್ಲದ ಮನೆ. ಆದರೆ ಆ ಮನುಷ್ಯನಿಗೆ ಒಂದು ಹುಚ್ಚು. ಚಿಕ್ಕವರಿದ್ದಾಗ ಯಾರದೋ ವಾಡೆಯ ಗೋಡೆಯ ಮೇಲೆ ಹಳೆಯ ಕಾಲದ ಕತ್ತಿ, ಕಠಾರಿ, ಭರ್ಚಿಗಳನ್ನು ನೋಡಿದ್ದರಂತೆ. ಅಂಥವನ್ನು ತಾನೇ ಬಡಿದು ಮಾಡಬೇಕು ಎಂಬ ಹುಚ್ಚು. ಯಾರನ್ನೂ ಹೊಡೆಯಲಿಕ್ಕಲ್ಲ. ಅಂಗಡಿಯಲ್ಲಿ ಬೆಲ್ಲಕ್ಕೆ ಮುತ್ತಿದ ಇರುವೆಯನ್ನು ಊದಿ ಓಡಿಸುವ ಜೀವ ಅದು. ಹಿತ್ತಲಲ್ಲಿ ಕುಲುಮೆ ಹಾಕಿಕೊಂಡಿದ್ದರು. ಬೆಳಿಗ್ಗೆ ಅಂಗಡಿ, ಮಧ್ಯಾಹ್ನ ಕುಲುಮೆ. ಊರವರು ಎಣ್ಣೆ ಬೇಳೆ ಒಯ್ಯುವ ನೆಪದಲ್ಲಿ ಬಂದು, "ಏನ್ರಿ ಸಾವಕಾರ್ರ, ಯಾವ ರಾಜಾನ ಮ್ಯಾಲ ದಂಡು ಹೊಂಟದ?" ಎಂದು ಕಾಡುತ್ತಿದ್ದರು. ಇವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ, ತೂಕದಲ್ಲಿ ಒಂದು ಚಿಟಿಕೆ ಕಡಿಮೆ ಹಾಕುತ್ತಿದ್ದೆ.

ತಿದಿ ಒತ್ತುವವಳು ನಾನೇ. ಹೊಸದಾಗಿ ಬಂದ ಸೊಸೆ ಹಿತ್ತಲಲ್ಲಿ ಕೂತು ಬೆಂಕಿಗೆ ಗಾಳಿ ಒತ್ತುವುದನ್ನು ನೋಡಿ ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು. ನನಗೇನು? ಮೊದಲು ಬೇಸರವಾಗುತ್ತಿತ್ತು, ಆಮೇಲೆ ನನಗೂ ಅದರ ಚಟ ಹತ್ತಿತು. ಲಾರಿಯ ಗಾಲಿಯ ಮೇಲೆ ಇರುತ್ತದಲ್ಲ ಕಮಾನಿನ ಪಾಟಾ, ಆ ಕಬ್ಬಿಣ ಕತ್ತಿಗೆ ಒಳ್ಳೆಯದು ಎಂದು ಇವರು ಕೆಡಿಸಿ ಕೆಡಿಸಿಯೇ ಕಲಿತರು. ಕೆಂಪಗೆ ಕಾಯಿಸಿ ತಣ್ಣೀರಿಗೆ ಹಾಕಿದರೆ, ಆಮೇಲೆ ಏಟು ಬಿದ್ದಾಗ ಬಳೆಯ ಹಾಗೆ ಪಟ್ಟನೆ ಒಡೆಯುತ್ತದೆ. ಕುಸುಬಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಬಿಸಿ ಮರಳಲ್ಲಿ ಹುಗಿದು, ಮೈಮೇಲೆ ನೇರಳೆ ಬಣ್ಣ ಬರುವ ತನಕ ಮೆಲ್ಲಗೆ ಕಾಯಿಸಿದರೆ ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ. ಅದಕ್ಕೆ ಹದ ಎನ್ನುತ್ತಿದ್ದರು. ಅಡುಗೆಮನೆಯ ಕುಸುಬಿ ಎಣ್ಣೆಯೆಲ್ಲ ಕತ್ತಿಯ ಪಾಲಾಗಿ, ನಮ್ಮ ಪಲ್ಯಕ್ಕೆ ಒಗ್ಗರಣೆಯಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಗೊಣಗಿದರೆ, "ಇದೊಂದ ಸಲ, ನೀಲಾ" ಎನ್ನುವರು.

ಒಮ್ಮೆ ಒಂದು ಭರ್ಚಿ, ಎಂದರೆ ಎಸೆಯುವ ಈಟಿ, ಮಾಡಿದರು. ಅದರ ಬುಡಕ್ಕೆ ಉದ್ದನೆಯ ಹಗ್ಗ. ಹಿಂದಿನ ಕಾಲದ ಸವಾರರು ಎಸೆದು, ಹಗ್ಗ ಜಗ್ಗಿ ಮತ್ತೆ ಕೈಗೆ ತಂದುಕೊಳ್ಳುತ್ತಿದ್ದರಂತೆ. ಇವರು ತಮ್ಮದೊಂದು ಬುದ್ಧಿ ಓಡಿಸಿ ಅದರ ಮೊನೆಗೆ ಗಾಳದ ಹಾಗೆ ಹಿಂದೆ ಬಾಗಿದ ಮುಳ್ಳು ಬೇರೆ ಇಟ್ಟಿದ್ದರು.

"ಹಗ್ಗಾನೂ ಕಟ್ಟೀರಿ, ಮುಳ್ಳೂ ಇಟ್ಟೀರಿ. ನಟ್ಟದ್ದು ತಿರುಗಿ ಬರೂದು ಹೆಂಗ್ರಿ?" ಎಂದೆ.

"ನಟ್ಟಾಗ ನೋಡೂಣು, ತಗೋ."

ಹಳ್ಳಕ್ಕೆ ಹೋಗಿ ಪಾಪಾಸಕಳ್ಳಿಗೆ ಗುರಿಯಿಟ್ಟರು. ಭರ್ಚಿ ಕಳ್ಳಿಯನ್ನು ಬಿಟ್ಟು ಬೇರೆಲ್ಲ ಕಡೆ ಬಿದ್ದಿತು. ನಾನು ತವರಿನಲ್ಲಿ ಜೋಳದ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದವಳು. ಕೈಗೆ ಹಗ್ಗ ಸುತ್ತಿಕೊಂಡು ಒಂದೇ ಸಲ ಒಗೆದೆ, ಕಳ್ಳಿಯ ಎದೆಯಲ್ಲಿ ನಟ್ಟಿತು. ಕೀಳಲಿಕ್ಕೆ ಇಬ್ಬರೂ ಸೇರಿ ಜಗ್ಗಬೇಕಾಯಿತು. ಇವರು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವೇ ಕಡೆಯದು ಎಂದು ಯಾರಿಗೆ ಗೊತ್ತಿತ್ತು?

ನಮ್ಮ ಹಿರಿಯ ಮನೆ ಎಂದರೆ ಇವರ ದೊಡ್ಡಪ್ಪನ ಮನೆ. ದೊಡ್ಡಪ್ಪ ತೀರಿಹೋಗಿದ್ದರು, ಅವರ ಹೆಂಡತಿ ಗಂಗವ್ವ ಇದ್ದಳು. ನಾನು ದೊಡ್ಡತ್ತಿ ಎನ್ನುತ್ತಿದ್ದೆ. ನಮ್ಮವರ ತಾಯಿ ಹೆರಿಗೆಯಲ್ಲೇ ಹೋದಳಂತೆ. ಆಗ ಈ ದೊಡ್ಡತ್ತಿ ತನ್ನ ಹಿರಿಯ ಮಗ ಭೀಮರಾಯನಿಗೆ ಒಂದು ಮೊಲೆ, ಇವರಿಗೆ ಒಂದು ಮೊಲೆ ಕೊಟ್ಟು ಬೆಳೆಸಿದವಳು. ಆಕೆಯ ಕಿರಿಯ ಮಗ ಶಿವಪ್ಪ, ಮೀಸೆ ಆಗಷ್ಟೇ ಕಪ್ಪಾಗಿದ್ದ ಹುಡುಗ, ಅದೇ ವರ್ಷ ಹೆಣ್ಣು ನೋಡುತ್ತಿದ್ದರು.

ಹಿರಿಯ ಮನೆಗೆ ಒಂದು ಮಾನವಿತ್ತು. ದಸರೆಯ ದಿನ ಅವರ ಮನೆಯ ಕತ್ತಿಯಿಂದಲೇ ಊರಿನ ಬನ್ನಿಗಿಡದ ಮೊದಲ ಟೊಂಗೆ ಕಡಿಯಬೇಕು, ಅದೂ ಒಂದೇ ಏಟಿಗೆ. ಆಮೇಲೆ ಊರೆಲ್ಲ ಬನ್ನಿ ಹರಿದುಕೊಳ್ಳುವುದು. ಸಂಸ್ಥಾನ ಹೋದ ಮೇಲೆ ಆ ಹಳೆಯ ಕತ್ತಿ ಕಚೇರಿಗೆ ಜಮಾ ಆಗಿ ತಿರುಗಿ ಬರಲಿಲ್ಲ. ಭೀಮರಾಯನಿಗೆ ಊರಲ್ಲಿ ತಲೆಯೆತ್ತಿ ತಿರುಗುವುದು ಕಷ್ಟವಾಯಿತು. ಒಂದು ದಿನ ಬಂದು ಇವರ ಕುಲುಮೆಯ ಮುಂದೆ ಕೂತ. "ಗುರುಪಾದ, ನಮ್ಮ ಮನಿತನದ ಮಾನ ನಿನ್ನ ಕೈಯಾಗ ಅದ. ಒಂದ ಕತ್ತಿ ಬಡದ ಕೊಡೋ ತಮ್ಮಾ" ಎಂದ. ಇವರಿಗೆ ಸ್ವರ್ಗ ಮೂರೇ ಗೇಣು. ಮೊಹರಮ್ಮು ಮುಗಿದಾಗ ಹಿಡಿದ ಕೆಲಸ ನವರಾತ್ರಿಯ ಹೊತ್ತಿಗೆ ಮುಗಿಯಿತು. ಬಾಗಿಸಿದರೆ ಬಾಗುತ್ತಿತ್ತು, ಬಿಟ್ಟರೆ ಝಣ್ ಎಂದು ನೆಟ್ಟಗಾಗುತ್ತಿತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ ತಾವೇ ಹೊತ್ತುಕೊಂಡು ಹೋಗಿ ಕೊಟ್ಟರು.

ಆಯುಧ ಪೂಜಿಸುವ ಖಂಡೇನವಮಿಯ ಬೆಳಿಗ್ಗೆ ನಾನು ಹೋಳಿಗೆಗೆ ಕೈಗೂಡಿಸಲು ಹಿರಿಯ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ದೊಡ್ಡತ್ತಿ ಸಗಣಿ ಕುಳ್ಳಿನ ದೊಡ್ಡ ಒಟ್ಟು ಹಚ್ಚಿ ಆ ಕತ್ತಿಯನ್ನು ಅದರಲ್ಲಿ ಮಲಗಿಸಿದ್ದಳು. ಕೆಂಡವೂ ಕತ್ತಿಯೂ ಒಂದೇ ಬಣ್ಣ. "ಲಾರಿ ಕಬ್ಬಿಣ ನೋಡವ್ವಾ, ಯಾರ್ಯಾರ ಮ್ಯಾಲ ಹಾದದ್ದೋ ಏನೋ. ಪೂಜಿಗಿಡೂ ಮುಂಚೆ ಮಡಿ ಆಗಬೇಕಲ್ಲ" ಎಂದಳು. ಸ್ವಾಮಿಗಳ ಪಾದ ತೊಳೆದ ನೀರನ್ನು ಕೊಪ್ಪರಿಗೆಯ ತಣ್ಣೀರಿನಲ್ಲಿ ಬೆರೆಸಿಟ್ಟಿದ್ದಳು. ಕತ್ತಿಯನ್ನು ಅದರಲ್ಲಿ ಅದ್ದಿದಾಗ ಬುಸುಬುಸು ಎಂದಿತು. ಭಕ್ತಿಯಿಂದ ಒರೆಸಿ, ವಿಭೂತಿ ಹಚ್ಚಿ, ಮಣೆಯ ಮೇಲಿಟ್ಟಳು. ನಾನೂ ಕೈಮುಗಿದು ಹೋಳಿಗೆ ಲಟ್ಟಿಸಲು ಹೋದೆ.

ಮರುದಿನ ಸಂಜೆ ಬನ್ನಿಗಿಡದ ಹತ್ತಿರ ಊರು ನೆರೆದಿತ್ತು. ಶಿವಪ್ಪ ಟೊಂಗೆಯನ್ನು ಬಗ್ಗಿಸಿ ಹಿಡಿದ. ಭೀಮರಾಯ ರುಮಾಲು ಬಿಗಿದು, ಕತ್ತಿಯನ್ನು ತಲೆಯ ಮೇಲಕ್ಕೆತ್ತಿ ಬೀಸಿದ. ಟಣ್ ಎಂಬ ಸಪ್ಪಳ. ಟೊಂಗೆ ಕಡಿಯಲಿಲ್ಲ. ಕತ್ತಿಯ ಮುಂದಿನ ಅರ್ಧ ಮುರಿದು ಹಾರಿ ಶಿವಪ್ಪನ ಕುತ್ತಿಗೆಗೆ ಬಡಿಯಿತು. ಹುಡುಗ ಟೊಂಗೆ ಬಿಟ್ಟು ಎರಡೂ ಕೈಯಿಂದ ಕುತ್ತಿಗೆ ಹಿಡಿದುಕೊಂಡ, ಬೆರಳ ಸಂದಿಯಿಂದ ರಕ್ತ ಚಿಮ್ಮಿ ಅಣ್ಣನ ಹೊಸ ಅಂಗಿಯ ಮೇಲೆ ಬಿದ್ದಿತು. ಏನೋ ಹೇಳಲು ಬಾಯಿ ತೆರೆದ, ಬಾಯಿಂದಲೂ ರಕ್ತವೇ ಬಂತು. ಯಾರೋ ಧೋತರ ಒತ್ತಿದರು, ಯಾರೋ ಅರಿಶಿನಕ್ಕೆ ಓಡಿದರು. ಅರಿಶಿನ ಬರುವಷ್ಟರಲ್ಲಿ ಮುಗಿದಿತ್ತು. ಬನ್ನಿಯ ಎಲೆಗಳು ಆ ರಕ್ತದಲ್ಲಿ ಅಂಟಿಕೊಂಡಿದ್ದವು. ಆ ವರ್ಷ ಊರಲ್ಲಿ ಯಾರೂ ಯಾರಿಗೂ ಬನ್ನಿ ಕೊಡಲಿಲ್ಲ.

ಭೀಮರಾಯ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಇವರ ಕಡೆ ನೋಡಿದ. "ಹುಳುಕ ಕಬ್ಬಿಣ ಕೊಟ್ಟ ನನ್ನ ತಮ್ಮನ್ನ ಕೊಂದಿ. ನಮ್ಮ ಮನಿಯಾಗ ವರ್ಷ ತುಂಬೂತನ ಬನ್ನಿ ಇಲ್ಲ. ಬರೂ ದಸರಿಗೆ ನಿನ್ನ ಮನಿಗೆ ಬನ್ನಿ ಕೊಡಾಕ ಬರ್ತೀನಿ. ಬಾಗಿಲಾ ತಗದಿಡು. ಇದನ್ನ ಬಡದ ಆ ಬಲಗೈ ಕಡಕೊಂಡ ಹೋಗ್ತೀನಿ." ಜನರೆಲ್ಲ ಕೇಳಿದರು. ನಮ್ಮಲ್ಲಿ ಬನ್ನಿ ತಂದವನಿಗೆ ಬಾಗಿಲು ಮುಚ್ಚುವಂತಿಲ್ಲ, ವೈರಿಯಾದರೂ ಸರಿ. ಅದನ್ನು ತಿಳಿದೇ ಆ ದಿನ ಆರಿಸಿಕೊಂಡಿದ್ದ.

ಇವರು ಹಿಡಿಯ ಕಡೆಯ ತುಂಡನ್ನು ಎತ್ತಿಕೊಂಡು ಮನೆಗೆ ಬಂದರು. ಮುರಿದ ಜಾಗವನ್ನು ದೀಪಕ್ಕೆ ಹಿಡಿದು ನೋಡಿದರು. ಸಕ್ಕರೆಯ ಹರಳಿನ ಹಾಗೆ ಮಿಣಮಿಣ ಎನ್ನುತ್ತಿತ್ತು. "ಇದು ನನ್ನ ಹದಾ ಅಲ್ಲ. ಯಾರೋ ಮತ್ತ ಕಾಯ್ಸಿ ನೀರಿಗೆ ಹಾಕ್ಯಾರ" ಎಂದರು.

"ದೊಡ್ಡತ್ತಿ ಹಾಕಿದ್ರಲ್ಲರಿ, ಮಡಿ ಮಾಡಾಕಂತ" ಎಂದೆ. ಹಿಂದಿನ ದಿನ ಪೂಜೆಯೆಂದಷ್ಟೇ ನೋಡಿದ್ದೆ, ಬಾಯಿಂದ ಬಿದ್ದ ಮೇಲೆ ನನಗೂ ತಿಳಿಯಿತು. "ಯಪ್ಪಾ ಶಿವನೇ! ನಡೀರಿ, ಈಗಿಂದೀಗ ಹೋಗಿ ಹೇಳೂಣು. ತಪ್ಪು ನಿಮ್ಮದಲ್ಲ" ಎಂದು ಸೆರಗು ಕಟ್ಟಿದೆ.

ಇವರು ಬಾಗಿಲಿಗೆ ಅಡ್ಡ ನಿಂತರು. ಅಷ್ಟು ಮೆತ್ತಗಿನ ಮನುಷ್ಯ ನನ್ನ ರಟ್ಟೆ ಹಿಡಿದದ್ದು ಅದೇ ಮೊದಲು. "ಏನಂತ ಹೇಳತಿ? ನಿನ್ನ ಮಗನ್ನ ನೀನ ಕೊಂದಿ ಅಂತ ಹೇಳತಿಯೇನ? ಅಕಿ ಬಾಂವಿ ಬೀಳ್ತಾಳ. ಇಲ್ಲಾಂದ್ರ ಭೀಮಣ್ಣ ಅಕಿನ್ನ ಕಡೀತಾನ. ಅಕಿ ಹಾಲು ಕುಡದ ಬದುಕೀನಿ ನಾ."

"ನಿಮ್ಮ ಕೈ ಹೋಗತದಲ್ಲರಿ!"

"ಹೋಗಲಿ. ಲಿಂಗಾ ಮುಟ್ಟಿ ಆಣಿ ಮಾಡು. ಮಾತಾಡಿದ್ರ ಹೋತು, ಮುತ್ತ ಒಡದ್ರ ಹೋತು."

ಕೊರಳಲ್ಲಿದ್ದ ಲಿಂಗ ಮುಟ್ಟಿ ಆಣೆ ಮಾಡಿದೆ. ಮಾಡಿದ ಮರುಗಳಿಗೆಯಿಂದ ಅದನ್ನು ಶಪಿಸಿದೆ.

ಆ ವರ್ಷವನ್ನು ಹೇಗೆ ಕಳೆದೆನೋ. ಹಿರಿಯ ಮನೆಯವರು ನಮ್ಮ ಅಂಗಡಿ ಬಿಟ್ಟರು. ದೊಡ್ಡತ್ತಿ ಪ್ರತಿ ಅಮಾವಾಸ್ಯೆಗೆ ನಮ್ಮ ಬಾಗಿಲ ಮುಂದೆ ನಿಂತು ಮಣ್ಣು ತೂರಿ, "ನನ್ನ ಹಾಲು ನಿನಗ ವಿಷಾ ಆಗಲಿ" ಎಂದು ಇವರಿಗೆ ಶಾಪ ಹಾಕುತ್ತಿದ್ದಳು. ಇವರು ಒಳಗೆ ತಲೆ ಬಗ್ಗಿಸಿ ಕೂತಿರುತ್ತಿದ್ದರು. ನನ್ನ ನಾಲಗೆಯ ತುದಿಗೆ ಆ ಮಾತು ಬಂದು ಬಂದು ಹೋಗುತ್ತಿತ್ತು. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿದು ಸಿಂಗರಿಸಿದ ನಮ್ಮ ಜೋಡಿಯಲ್ಲೊಂದು ಎತ್ತು ಹೊಲದಿಂದ ತಿರುಗಿ ಬರಲಿಲ್ಲ. ಹೋಗಿ ನೋಡಿದರೆ ಎರಡೂ ಹಿಂಗಾಲಿನ ನರ ಕಡಿದುಹಾಕಿದ್ದರು. ಕೂತಲ್ಲೇ ಮುಂಗಾಲಿನ ಮೇಲೆ ಏಳಲು ನೋಡುತ್ತಿತ್ತು, ಏಳುತ್ತಿತ್ತು, ಬೀಳುತ್ತಿತ್ತು. ಗೆಜ್ಜೆ ಘಲ್ಲೆನ್ನುತ್ತಿತ್ತು. ಯಾರು ಮಾಡಿದ್ದೆಂದು ಕೇಳಬೇಕೇ? ಪಕ್ಕದ ಬದುವಿನ ಮೇಲೆ ಭೀಮರಾಯ ಕೊಡಲಿ ಹೆಗಲಿಗಿಟ್ಟುಕೊಂಡು ನಿಂತಿದ್ದ. ನಾನು ಕಲ್ಲು ಎತ್ತಿ ಬೀಸಿದೆ. ಅವನ ಹುಬ್ಬು ಒಡೆಯಿತು. ಒರೆಸಿಕೊಳ್ಳಲೂ ಇಲ್ಲ ಆ ಮುಠ್ಠಾಳ. "ಇನ್ನ ದಸರಿ ದೂರಿಲ್ಲ, ನೀಲವ್ವಾ" ಎಂದು ಹೋದ.

"ತವರಿಗೆ ಹೋಗೂಣು ನಡೀರಿ" ಎಂದೆ. "ಪೊಲೀಸರಿಗೆ ಹೇಳೂಣು" ಎಂದೆ. ಕಣ್ಣೀರು ಹಾಕಿದೆ, ಬೈದೆ, ಉಣ್ಣುವುದು ಬಿಟ್ಟೆ. ಇವರದು ಒಂದೇ ಉತ್ತರ: "ತಿದಿ ಒತ್ತು." ಹಿರಿಯ ಮನೆಗೆ ಇನ್ನೊಂದು ಕತ್ತಿ ಮಾಡುತ್ತಿದ್ದರು. ಅದೇ ಲಾರಿಯ ಪಾಟಾದ ಉಳಿದರ್ಧ. "ಖರೇ ಕತ್ತಿ ಕೈಯಾಗ ಬಂದ್ರ ಅಣ್ಣನ ಸಿಟ್ಟ ಇಳೀತದ" ಎಂಬ ನಂಬಿಕೆ. ಹುಚ್ಚಿಗೆ ಮದ್ದಿದೆಯೇ? ಆದರೂ ಒತ್ತಿದೆ. ಶ್ರಾವಣ ಮುಗಿಯುವಾಗ ಕತ್ತಿಯಾಯಿತು. ಹದವಾದ ದಿನ ಅದನ್ನು ಕುಲುಮೆಯಲ್ಲಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಬಡಿದರು. ಅಡಿಗಲ್ಲಿನಲ್ಲಿ ಗೆರೆ ಮೂಡಿತು, ಕತ್ತಿಗೆ ಏನೂ ಆಗಲಿಲ್ಲ. ತಮ್ಮ ಹುಚ್ಚಿಗೆ ಮಾಡಿದ ಯಾವ ಕತ್ತಿಗೂ ಧಾರೆ ಹಿಡಿಸದವರು ಇದಕ್ಕೆ, ಮೊದಲಿನದರ ಹಾಗೆಯೇ, ಮಾನದ ಕತ್ತಿ ಎಂದು ಸಾಣೆ ಹಿಡಿದರು.

ದಸರೆ ಬಂತು. ದೀಪ ಹಚ್ಚುವ ಹೊತ್ತು. ಭೀಮರಾಯ ಬಂದ, ಒಬ್ಬನೇ, ಬಲಗೈಯಲ್ಲಿ ಬನ್ನಿ, ಎಡಗೈಯಲ್ಲಿ ಕೊಡಲಿ. ಬೀದಿಯ ಜನ ತಮ್ಮ ತಮ್ಮ ಕಟ್ಟೆಯ ಮೇಲೆ ನಿಂತರು, ಒಬ್ಬನೂ ಇಳಿಯಲಿಲ್ಲ. ಇವರು ಕಾದು ಕೂತಿದ್ದ ಹಿತ್ತಲಿಗೇ ಬಂದು, "ಬನ್ನಿ ತಗೋ, ಬಂಗಾರದಂಗಿರೂಣು" ಎಂದ. ಇವರು ಬನ್ನಿ ತಗೊಂಡು ಕಣ್ಣಿಗೊತ್ತಿಕೊಂಡು ಅವನ ಕಾಲು ಮುಟ್ಟಿದರು. ಅಪ್ಪಿಕೊಂಡರು. ಆಮೇಲೆ ಕಂಬಳಿ ಬಿಚ್ಚಿ, ಕತ್ತಿಯನ್ನು ಎರಡೂ ಅಂಗೈಯಲ್ಲಿ ಹಿಡಿದು, "ಅಣ್ಣಾ, ಇದು ನಿಮ್ಮ ಮನಿದು. ಮುರಿಯಂಗಿಲ್ಲ" ಎಂದರು.

ಭೀಮರಾಯ ಕತ್ತಿಯನ್ನು ತಿರುವಿ ನೋಡಿದ. ಒಂದು ಗಳಿಗೆ ಅವನ ಮುಖ ಸಡಿಲಾಯಿತು, ನನಗೆ ಜೀವ ಬಂದಂತಾಯಿತು. ಅವನು ಕೊಡಲಿಯನ್ನು ನೆಲಕ್ಕೆ ಒಗೆದ. "ಮುರಿಯಂಗಿಲ್ಲೇನ? ಹಂಗಾರ ಇದರಿಂದನ ನೋಡೂಣು" ಎಂದವನೇ ಇವರ ಬಲಗೈ ಎಳೆದು ಅಡಿಗಲ್ಲಿನ ಮೇಲೆ ಒತ್ತಿದ. ಇವರು ಬಿಡಿಸಿಕೊಳ್ಳಲಿಲ್ಲ. ಅದಕ್ಕೇ ನನಗೆ ಇವತ್ತಿಗೂ ಸಿಟ್ಟು.

ನಾನು ಹಗ್ಗದ ಭರ್ಚಿಯನ್ನು ಬೆಳಗಿನಿಂದ ಹಿತ್ತಲ ಕದದ ಹಿಂದೆ ಇಟ್ಟುಕೊಂಡಿದ್ದೆ. ಕತ್ತಿ ಮೇಲಕ್ಕೆ ಹೋದಾಗ ಒಗೆದೆ. ಅವನ ತೊಡೆಯಲ್ಲಿ ಮುಳ್ಳು ಮುಳುಗುವವರೆಗೂ ಇಳಿಯಿತು. ತಿದಿ ಒತ್ತಿ ಗಟ್ಟಿಯಾದ ತೋಳು ನನ್ನವು, ಹಗ್ಗವನ್ನು ಮೈಯ ಭಾರ ಹಾಕಿ ಜಗ್ಗಿದೆ. ಅವನು ವಾಲಿದ, ಮಣಿಕಟ್ಟಿಗೆ ಬೀಳಬೇಕಾದ ಕತ್ತಿ ಓರೆಯಾಗಿ ಬಿದ್ದಿತು. ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿಯಿತು. ಆ ಹೆಬ್ಬೆರಳು ನಾನು ಉಳಿಸಿದ್ದು.

ಭೀಮರಾಯ ನೆಲಕ್ಕೆ ಬಿದ್ದು ಹೊರಳಿದ. ಮುಳ್ಳು ಮಾಂಸದಲ್ಲಿ ಕಚ್ಚಿಕೊಂಡಿತ್ತು, ಬರಲೊಲ್ಲದು. ಹಗ್ಗ ನನ್ನ ಮುಂಗೈಗೆ ಬಿಗಿದಿತ್ತು, ಬಿಡಲೊಲ್ಲದು. ಅವನೊಂದು ತುದಿ, ನಾನೊಂದು ತುದಿ. "ಎಳೀಬ್ಯಾಡಬೇ ಯವ್ವಾ, ಎಳೀಬ್ಯಾಡ" ಎಂದು ಕೂಗಿದ. ನಾನು ಇನ್ನಷ್ಟು ಎಳೆದೆ. ಸುಳ್ಳೇಕೆ ಹೇಳಲಿ, ನನ್ನ ಎತ್ತಿನ ಗೆಜ್ಜೆಯ ಸಪ್ಪಳ ಕಿವಿಯಲ್ಲಿತ್ತು. "ನನ್ನ ತಮ್ಮನ್ನ ಕೊಂದಾಂವಗ ಇಷ್ಟ ಮಾಡ್ತಿಯೇನ?" ಎಂದು ಅವನು ಹಲ್ಲು ಕಡಿದಾಗ ನನ್ನ ಕಟ್ಟೆ ಒಡೆಯಿತು. "ಕೊಂದದ್ದ ಇವರಲ್ಲೋ ಮೂಳ, ನಿಮ್ಮ..."

"ನೀಲಾ! ಆಣಿ!"

ಇವರು ಕೈಯನ್ನು ಧೋತರದಲ್ಲಿ ಸುತ್ತಿಕೊಂಡು ಎದ್ದು ನಿಂತಿದ್ದರು. ಧೋತರ ನೋಡನೋಡುತ್ತ ಕೆಂಪಾಗುತ್ತಿತ್ತು. ನಾನು ನಾಲಗೆ ಕಚ್ಚಿಕೊಂಡೆ, ಬಾಯಲ್ಲಿ ರಕ್ತದ ರುಚಿ ಬಂತು. ಇವರು ಎಡಗೈಯಿಂದ ಆ ಕತ್ತಿಯನ್ನೇ ಎತ್ತಿ ನಮ್ಮಿಬ್ಬರ ನಡುವಿನ ಹಗ್ಗವನ್ನು ಒಂದೇ ಏಟಿಗೆ ಕಡಿದರು. ಆಮೇಲೆ ಕುಸಿದು ಕೂತು ಕೇಳಿದ್ದೇನು ಗೊತ್ತೇ? "ಧಾರಿ ಹೋಗ್ಯದೇನ ನೋಡು." ನಾನು ನೋಡಿದೆ. ಕೂದಲೆಳೆಯಷ್ಟೂ ಹೋಗಿರಲಿಲ್ಲ.

ಹಿರಿಯ ಮನೆಯವರು ಬಂದು ಭೀಮರಾಯನನ್ನು ಹೊತ್ತುಕೊಂಡು ಹೋದರು. ದೊಡ್ಡತ್ತಿಯೂ ಬಂದಿದ್ದಳು. ಆಕೆ ಮಗನನ್ನು ನೋಡಲಿಲ್ಲ, ಅಡಿಗಲ್ಲಿನ ಮೇಲಿನ ಬೆರಳುಗಳನ್ನೂ ನೋಡಲಿಲ್ಲ, ಕತ್ತಿಯನ್ನೇ ನೋಡುತ್ತ ನಿಂತಿದ್ದಳು. ಇವರ ಬೆರಳು ಮೇವು ಕತ್ತರಿಸುವಾಗ ಹೋದವೆಂದು, ಅವನು ಕುಂಟೆಯ ಮೇಲೆ ಬಿದ್ದನೆಂದು ಎರಡೂ ಮನೆಯವರು ಫೌಜದಾರನಿಗೆ ಹೇಳಿದ್ದಾಯಿತು. ಭೀಮರಾಯ ಸಾಯುವ ತನಕ ಕುಂಟಿದ. ನಮ್ಮ ಕುಲುಮೆಗೆ ಮತ್ತೆ ಬೆಂಕಿ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡತ್ತಿ ಮತ್ತೆ ಬಂದಳು. ಮಣ್ಣು ತೂರಲಿಲ್ಲ. ಪಡಸಾಲೆಯಲ್ಲಿ ಕೂತಳು. ಒಂದೇ ರಾತ್ರಿಯಲ್ಲಿ ಮುಖ ಒಣಗಿಹೋಗಿತ್ತು. ಒಳಕೋಣೆಯಲ್ಲಿ ಇವರು ಕೈಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದರು, ಬಾಗಿಲು ತೆರೆದೇ ಇತ್ತು.

"ನೀಲವ್ವಾ, ಒಂದ ಮಾತ ಕೇಳ್ತೀನಿ, ಖರೇ ಹೇಳು. ಈ ಕತ್ತಿನೂ ಅಂವನ ಮಾಡಿದ್ದು. ಅದ ಕಬ್ಬಿಣ, ಅದ ಕೈ. ಎಲುವು ಕಡೀತು, ಅಡಿಗಲ್ಲಿಗೆ ಬಡೀತು, ಮುರೀಲಿಲ್ಲ. ಮೊದಲಿಂದು ಯಾಕ ಮುರೀತು?" ಆಕೆ ನನ್ನ ಮುಂಗೈ ಹಿಡಿದಳು. "ಇದನ್ನ ನಾ ಬೆಂಕಿಗೆ ಹಾಕಲಿಲ್ಲ. ಅದನ್ನ ಹಾಕಿದ್ದೆ. ನನ್ನ ಮಗನ್ನ ನಾನ ಕೊಂದೆನೇನಬೇ?"

ಒಂದು ವರ್ಷ ಕಾದಿದ್ದೆ ಈ ಗಳಿಗೆಗೆ. ಕೈಯಂತೂ ಹೋಗಿತ್ತು, ಉಳಿಸುವುದೇನೂ ಇರಲಿಲ್ಲ. ನಾನಾಗಿ ಹೇಳಬೇಕಾಗಿಯೂ ಇರಲಿಲ್ಲ, ಹೌದು ಎಂದು ತಲೆ ಆಡಿಸಿದ್ದರೆ ಸಾಕಿತ್ತು. ಆಕೆ ಹಾಕಿದ ಒಂದೊಂದು ಶಾಪವೂ ನೆನಪಾಯಿತು. ಆದರೆ ಆಕೆ ನನ್ನ ಮುಖ ನೋಡುತ್ತಿದ್ದ ರೀತಿ ಇದೆಯಲ್ಲ, ಶಿವನೇ, ಅದನ್ನು ನೋಡಿ ನನ್ನ ಕೈಲಾಗಲಿಲ್ಲ.

"ಹಂಗೇನಿಲ್ಲರಿ ಅತ್ಯಾರ" ಎಂದೆ. "ಬೆಂಕಿಗೂ ಅದಕೂ ಏನ ಸಂಬಂಧ? ಆವಾಗ ಇವರಿಗೆ ಹದಾ ಹಾಕಾಕ ಬರ್ತಿದ್ದಿಲ್ಲ. ಕಚ್ಚಾ ಕೆಲಸಾ ಮಾಡಿ ಕೊಟ್ಟಿದ್ರು. ತಪ್ಪು ಇವರದ."

ದೊಡ್ಡತ್ತಿ ಉಸಿರು ಬಿಟ್ಟಳು. ಆಮೇಲೆ ಗೋಡೆ ಹಿಡಿದು ಎದ್ದು, ಒಳಕೋಣೆಯ ಕಡೆ ಮುಖ ಮಾಡಿ, "ಹಂಗಾರ ಬೆರಳ ಹೋದದ್ದ ಸೈ ಆತು" ಎಂದು ಅಂಗಳಕ್ಕೆ ಉಗುಳಿ ಹೋದಳು.

ನಾನು ಒಳಗೆ ಹೋದೆ. ಹಿಂದಿನ ದಿನ ಬೆರಳು ಹೋದಾಗ ಒಂದು ಹನಿ ನೀರು ಹಾಕದ ಮನುಷ್ಯ, ಗೋಡೆಗೆ ಮುಖ ಹಾಕಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಪಕ್ಕದಲ್ಲಿ ಕೂತು, "ಭಾಳ ನೋಯ್ತದೇನ್ರಿ?" ಎಂದೆ.

"ಆ ಮೊದಲಿನ ಕತ್ತಿ ಹದಾ ಚಲೋ ಇತ್ತು, ನೀಲಾ" ಎಂದರು.

"ನನಗ ಗೊತ್ತಿಲ್ಲೇನ್ರಿ?" ಎಂದೆ. "ತಿದಿ ಒತ್ತಿದಾಕಿ ನಾನ ಅಲ್ಲೇನು?"